ಎರಡು ಪಾದ, ಎರಡು ಅಳತೆ: ಮಗಳಿಗೆ ಸಾಕ್ಸ್ ಹೆಣೆದ ಕಥೆ

ಚೆನ್ನೈಯಲ್ಲಿ ಕೂತು ಸಾಕ್ಸ್ ಹೆಣೆಯೋದರ ಬಗ್ಗೆ ಮಾತಾಡ್ತೀನಿ ಅಂದಾಗ ನನ್ನ ಟೀಮಿನವರು ನಕ್ಕರು. ಮೇ ತಿಂಗಳಲ್ಲಿ ಈ ಊರಲ್ಲಿ ಸಾಕ್ಸ್ ಯಾರಿಗೆ ಬೇಕು ಅಂತ. ನನ್ನ ಮಗಳಿಗೆ ಬೇಕಿತ್ತು, ಅದೂ ದಿನಾ ರಾತ್ರಿ.

ಅವಳು ಹುಟ್ಟಿದಾಗ ಎಡಪಾದ ಒಳಕ್ಕೆ ತಿರುಚಿಕೊಂಡಿತ್ತು. ಕ್ಲಬ್ ಫುಟ್ ಅಂತಾರೆ. ಸುಮಾರು ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಬರುತ್ತೆ. ಹಿಂದೆ ದೊಡ್ಡ ಆಪರೇಷನ್ ಮಾಡ್ತಿದ್ರು. ಈಗ ಬಹುತೇಕ ಕಡೆ ಅಮೆರಿಕದ ಅಯೋವಾದಲ್ಲಿದ್ದ ಡಾ. ಇಗ್ನಾಸಿಯೊ ಪೊನ್ಸೆಟಿ ಅವರು ರೂಪಿಸಿದ ವಿಧಾನವನ್ನೇ ಅನುಸರಿಸ್ತಾರೆ: ವಾರಕ್ಕೊಂದು ಪ್ಲಾಸ್ಟರ್ ಹಾಕಿ ಪಾದವನ್ನು ಸ್ವಲ್ಪ ಸ್ವಲ್ಪವೇ ಸರಿದಾರಿಗೆ ತರೋದು. ಆಮೇಲೆ ಬ್ರೇಸ್, ಅಂದ್ರೆ ಒಂದು ಸರಳಿಗೆ ಜೋಡಿಸಿದ ಎರಡು ಶೂ. ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ. ಆಮೇಲೆ ನಾಲ್ಕು ವರ್ಷದ ತನಕ ಮಲಗೋವಾಗ ಮಾತ್ರ. ಬ್ರೇಸ್ ತಪ್ಪಿಸಿದರೆ ಪಾದ ಮತ್ತೆ ತಿರುಗಿಕೊಳ್ಳಬಹುದು.

ಈಗ ಸಮಸ್ಯೆ ನೋಡಿ. ಚೆನ್ನೈ ಸೆಖೆ, ಬೆವರು. ಶೂ ಒಳಗೆ ಸಾಕ್ಸ್ ಸುಕ್ಕಾದರೆ ಚರ್ಮ ಕೆಂಪಾಗುತ್ತೆ, ಬೊಬ್ಬೆ ಬರುತ್ತೆ. ಬೊಬ್ಬೆ ಬಂದರೆ ಮಗು ಬ್ರೇಸ್ ಹಾಕಲು ಬಿಡಲ್ಲ. ಇನ್ನೊಂದು ತೊಡಕು: ಚಿಕಿತ್ಸೆ ಆದ ಪಾದ ಸಾಮಾನ್ಯವಾಗಿ ಇನ್ನೊಂದಕ್ಕಿಂತ ಸ್ವಲ್ಪ ಚಿಕ್ಕದಾಗೇ ಉಳಿಯುತ್ತೆ. ಅಂಗಡಿಯಲ್ಲಿ ಸಾಕ್ಸ್ ಜೋಡಿಯಾಗೇ ಸಿಗುತ್ತೆ, ಎರಡೂ ಒಂದೇ ಸೈಜು. ಬಲಗಾಲಿಗೆ ಸರಿ ಇದ್ದಿದ್ದು ಎಡಗಾಲಲ್ಲಿ ಮಡಚಿಕೊಳ್ತಿತ್ತು.

ಸಕಲೇಶಪುರದಲ್ಲಿರೋ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿನ ಚಳಿಗೆ ಸ್ವೆಟರ್, ಕುಲಾವಿ ಹೆಣೆದು ಕೈ ಪಳಗಿದವರು. "ಮುಷ್ಟಿಗೆ ಸುತ್ತಿ ನೋಡೋ, ಅಷ್ಟೇ ಪಾದದ ಉದ್ದ" ಅಂದ್ರು. ಅಂಗಡಿಯವರೂ ಹಾಗೇ ಮಾಡ್ತಾರಲ್ಲ. "ಅಮ್ಮಾ, ಮುಷ್ಟಿ ಒಂದೇ ಅಳತೆ ಹೇಳುತ್ತೆ, ಇವಳಿಗೆ ಎರಡು ಬೇಕು" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ, "ಹಾಗಾದ್ರೆ ನೀನೇ ಕಲಿ. ನಾನು ಹೇಳ್ಕೊಡ್ತೀನಿ" ಅಂದ್ರು.

ಎಂಟೆಕ್ ಮಾಡಿದವನಿಗೆ ಕಾಲುಚೀಲ ಏನು ಮಹಾ ಅಂದುಕೊಂಡೆ. ಮೊದಲನೇ ಸಾಕ್ಸ್ ಹಿಮ್ಮಡಿ ದಾಟಿ ಮೇಲೆ ಹೋಗಲೇ ಇಲ್ಲ. ಬಾಯಿಯನ್ನು ಅಷ್ಟು ಬಿಗಿಯಾಗಿ ಶುರು ಮಾಡಿದ್ದೆ. ಪಾದದಲ್ಲಿ ಅತಿ ದಪ್ಪ ಸುತ್ತಳತೆ ಇರೋದು ಹಿಮ್ಮಡಿಯಿಂದ ಪಾದದ ಮೇಲ್ಭಾಗಕ್ಕೆ ಓರೆಯಾಗಿ ಅಳೆದಾಗ. ಬಾಯಿ ಅಷ್ಟು ಹಿಗ್ಗಬೇಕು. ಅದಕ್ಕೆ ಎರಡು ಸೀದಾ, ಎರಡು ಉಲ್ಟಾ ಪಟ್ಟಿ ಹಾಕೋದು.

ಎರಡನೇ ಪಾಠ: ಅಂದಾಜು ಬೇಡ, ಸ್ಯಾಂಪಲ್ ಹೆಣೆಯಿರಿ. ಸೆಖೆಗೆ ಅಂತ ತೆಳ್ಳನೆ ಹತ್ತಿ ನೂಲು, 2 ಮಿಲಿಮೀಟರ್ ಕಡ್ಡಿ ತಗೊಂಡೆ. ಸಣ್ಣ ಚೌಕ ಹೆಣೆದು, ಒಗೆದು, ಬಾಲ್ಕನಿಯಲ್ಲಿ ಒಣಗಿಸಿ, ಆಮೇಲೆ ಎಣಿಸಿದೆ. ಒಗೆಯೋದು ಮುಖ್ಯ, ಹತ್ತಿ ಕುಗ್ಗುತ್ತೆ. ನನ್ನ ಕೈಯಲ್ಲಿ 10 ಸೆಂಟಿಮೀಟರಿಗೆ 32 ಸ್ಟಿಚ್ ಬಂತು. ನಿಮ್ಮ ಕೈಯಲ್ಲಿ ಬೇರೆ ಬರುತ್ತೆ, ಅದಕ್ಕೇ ಇನ್ನೊಬ್ಬರ ಲೆಕ್ಕ ಕಾಪಿ ಹೊಡೆದರೆ ಕೆಲಸ ಆಗಲ್ಲ.

ಸಾಕ್ಸ್ ಪಾದಕ್ಕಿಂತ ಸ್ವಲ್ಪ ಚಿಕ್ಕದಿರಬೇಕು. ಹಿಗ್ಗಿ ಕೂತರೇ ಸುಕ್ಕು ಬರಲ್ಲ. ಸುತ್ತಳತೆಯಲ್ಲಿ ಸುಮಾರು ಶೇ. 10 ಕಳೀರಿ. ವರ್ಷ ತುಂಬೋ ಹೊತ್ತಿಗೆ ಮಗಳ ಬಲಪಾದದ ಸುತ್ತಳತೆ 12 ಸೆಂಟಿಮೀಟರ್. ಶೇ. 10 ಕಳೆದರೆ 10.8. ಸೆಂಟಿಮೀಟರಿಗೆ 3.2 ಸ್ಟಿಚ್ ಲೆಕ್ಕದಲ್ಲಿ 34.56. ಪಟ್ಟಿಗೆ ನಾಲ್ಕರಿಂದ ಭಾಗ ಆಗಬೇಕಲ್ಲ, ಹಾಗಾಗಿ 36. ಎಡಪಾದ 11 ಸೆಂಟಿಮೀಟರ್. ಅದೇ ಲೆಕ್ಕದಲ್ಲಿ 31.68, ಅಂದ್ರೆ 32. ಎರಡು ಪಾದಕ್ಕೂ ವ್ಯತ್ಯಾಸ ನಾಲ್ಕೇ ಸ್ಟಿಚ್. ಆ ನಾಲ್ಕು ಸ್ಟಿಚ್‌ಗೋಸ್ಕರ ನಾವು ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದೀವಿ ಗೊತ್ತಾ?

ಇನ್ನು ಹಿಮ್ಮಡಿ. ಕೊಳವೆ ಹೆಣೆಯೋದು ಯಾರಿಗಾದರೂ ಬರುತ್ತೆ, ತಿರುವು ಹಾಕೋದೇ ಕೆಲಸ. ಅರ್ಧ ಸ್ಟಿಚ್ ಮಾತ್ರ ತಗೊಂಡು ಹಿಂದೆ ಮುಂದೆ ಹೆಣೆದು ಒಂದು ಪಟ್ಟಿ ಮಾಡಬೇಕು: 36ಕ್ಕೆ 18 ಸ್ಟಿಚ್, 18 ಸಾಲು. 32ಕ್ಕೆ 16, 16. ಆಮೇಲೆ ಪೂರ್ತಿ ಸಾಲು ಹೆಣೆಯದೆ ಮಧ್ಯದಲ್ಲೇ ತಿರುಗಿ ತಿರುಗಿ ಬಂದರೆ ಬಟ್ಟಲಿನಂತೆ ಗುಂಡಿ ಬೀಳುತ್ತೆ. ಪಟ್ಟಿಯ ಎರಡು ಬದಿಯಿಂದ ಸ್ಟಿಚ್ ಎತ್ತಿಕೊಂಡು, ಸಾಲು ಬಿಟ್ಟು ಸಾಲು ಕಡಿಮೆ ಮಾಡ್ತಾ ಮತ್ತೆ ಮೊದಲಿನ ಲೆಕ್ಕಕ್ಕೆ ಬರಬೇಕು. ನಾನು ಪಟ್ಟಿಯನ್ನು ಉದ್ದ ಮಾಡಿ ಒಂದು ಜೊತೆ ಹಾಳು ಮಾಡಿದೆ. ಬೆಳಗ್ಗೆ ಬಿಚ್ಚಿದಾಗ ಹಿಮ್ಮಡಿಯ ಮೇಲೆ ಕೆಂಪು ಗೆರೆ. ಅವತ್ತು ಪೂರ್ತಿ ಬಿಚ್ಚಿ ಮತ್ತೆ ಹೆಣೆದೆ. ಆಫೀಸಿನಲ್ಲಿ ಬಗ್ ಬಂದರೆ ಟಿಕೆಟ್ ಬರುತ್ತೆ, ಇಲ್ಲಿ ಮಗುವಿನ ಕಾಲಲ್ಲಿ ಗುರುತು ಬರುತ್ತೆ.

ಕೊನೆಗೆ ಬೆರಳಿನ ತುದಿ. ಅಲ್ಲಿ ಹೊಲಿಗೆಯ ಗಂಟು ಇರಬಾರದು, ಎರಡು ಬದಿಯ ಸ್ಟಿಚ್‌ಗಳನ್ನು ಸೂಜಿಯಿಂದ ಒಂದಕ್ಕೊಂದು ಹೆಣೆದಂತೆಯೇ ಸೇರಿಸಬೇಕು. ಮತ್ತೊಂದು ಉಪಾಯ ಅಮ್ಮ ಹೇಳಿದ್ದು: "ಉಲ್ಟಾ ಮಾಡಿ ಹಾಕೋ." ಹೆಣಿಗೆಯ ಹೊರಮೈ ನುಣುಪು, ಒಳಮೈ ಗುಬ್ಬಿ ಗುಬ್ಬಿ. ನೋಡೋರಿಗೆ ಚೆನ್ನಾಗಿ ಕಾಣಲ್ಲ, ಆದರೆ ನುಣುಪು ಚರ್ಮಕ್ಕೆ ತಾಗುತ್ತೆ.

ಗಂಡಸು ಹೆಣಿಗೆ ಹಾಕೋದಾ ಅಂತ ಕೇಳಿದವರಿದ್ದಾರೆ. ನಾವೆಲ್ಲ ಹಾಕಿರೋ ಟೀ ಶರ್ಟ್ ಬಟ್ಟೆಯೂ ತಿರುಪ್ಪೂರಿನಂಥ ಕಡೆ ಮೆಷಿನ್‌ನಲ್ಲಿ ಆದ ಹೆಣಿಗೆಯೇ. ಹೆಣಿಗೆ ಯಂತ್ರ ಕಂಡುಹಿಡಿದ ವಿಲಿಯಂ ಲೀ, 1589ರಲ್ಲಿ, ಗಂಡಸೇ. ಅವನ ಯಂತ್ರ ಹುಟ್ಟಿದ್ದೂ ಕಾಲುಚೀಲಕ್ಕೇ. ಇನ್ನು ನಮ್ಮ ಚೆನ್ನೈ ಏನು ಕಮ್ಮಿ? 2016ರ ಜನವರಿ 31ರಂದು ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್ ತಂಡ 11,148.5 ಚದರ ಮೀಟರಿನ ಕ್ರೋಶೆ ಹೊದಿಕೆ ಮಾಡಿ ಗಿನ್ನೆಸ್ ದಾಖಲೆ ಬರೆದದ್ದು ಇದೇ ಊರಲ್ಲಿ. ಅದು ಒಂದೇ ಕೊಕ್ಕೆಯ ಕೆಲಸ, ಹೆಣಿಗೆಯಲ್ಲ. ಆದರೂ ಈ ಸೆಖೆಯ ಊರಲ್ಲಿ ನೂಲು ಹಿಡಿಯೋ ಕೈಗಳಿಗೆ ಬರವಿಲ್ಲ.

ಮಗಳ ಪಾದ ಬೆಳೀತಾನೇ ಇದೆ. ಮೂರು ತಿಂಗಳಿಗೊಮ್ಮೆ ಟೇಪ್ ಹಿಡಿದು ಅಳೀತೀನಿ. ಮೊನ್ನೆ ಅವಳೇ ಕಾಲು ಚಾಚಿ, "ಅಪ್ಪಾ, ಇದು ಚಿಕ್ಕ ಕಾಲು, ಇದು ದೊಡ್ಡ ಕಾಲು" ಅಂತ ತೋರಿಸಿದಳು. ಅವಳಿಗೆ ಅದರಲ್ಲಿ ಬೇಜಾರೇನೂ ಇಲ್ಲ. ಎರಡಕ್ಕೂ ಬೇರೆ ಬೇರೆ ಸಾಕ್ಸ್ ಇದೆಯಲ್ಲ.

ಊರಲ್ಲಿ ಅಮ್ಮನೋ ಅಜ್ಜಿಯೋ ಕಡ್ಡಿ ಹಿಡಿದವರಿದ್ದರೆ ಈ ವಾರಾಂತ್ಯ ಒಂದು ಕಾಲ್ ಮಾಡಿ, ಕೇಳಿ ಕಲೀರಿ.