ಬಾವುಟಗುಡ್ಡೆಯ ಮೇಲಿನ ಶಾಲೆ

(ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣದ ಪಾಠ)



ಪಾದ್ರಿಗಳ ಶಾಲೆಯ ಮಾತು ನಮ್ಮ ಕೂಟದಲ್ಲೇಕೆ ಎಂದು ನಿಮ್ಮಲ್ಲಿ ಕೆಲವರು ಬಾಗಿಲಲ್ಲೇ ಕೇಳಿದಿರಿ. ನ್ಯಾಯವಾದ ಪ್ರಶ್ನೆ. ಒಂದು ಶಾಲೆಯನ್ನು ಯಾರು ಬೇಡಿದರು, ಯಾರು ಕಟ್ಟಿದರು, ಕೊನೆಗೆ ಯಾರ ಹೆಸರು ಉಳಿಯಿತು ಎಂಬುದು ಮಕ್ಕಳನ್ನು ಓದಿಸಬೇಕೆಂದಿರುವ ನಮಗೆಲ್ಲ ಸಂಬಂಧಪಟ್ಟ ಸಂಗತಿ. ಆದುದರಿಂದ ಇಂದು ಮಂಗಳೂರಿನ ಸಂತ ಅಲೋಶಿಯಸ್ ಶಾಲೆಯ ಕಥೆಯನ್ನು ಎತ್ತಿಕೊಂಡಿದ್ದೇವೆ.

ಮೊದಲು ಗುಡ್ಡದ ಮಾತು. ಶಾಲೆ ಇರುವ ಎತ್ತರಕ್ಕೆ ಬಾವುಟಗುಡ್ಡೆ ಎಂದು ಹೆಸರು. 1837ರಲ್ಲಿ ಕಂಪನಿ ಸರ್ಕಾರದ ವಿರುದ್ಧ ಎದ್ದ ಸುಳ್ಯ ಸೀಮೆಯ ರೈತರು ಮಂಗಳೂರಿಗೆ ನುಗ್ಗಿ ಇಲ್ಲಿಯೇ ತಮ್ಮ ಬಾವುಟ ಏರಿಸಿದರೆಂದು ಜನ ಹೇಳುತ್ತಾರೆ. ಅವರ ನಾಯಕ ಕೆದಂಬಾಡಿ ರಾಮಯ್ಯಗೌಡರ ಪ್ರತಿಮೆಯನ್ನು 2022ರಲ್ಲಿ ಅಲ್ಲಿ ನಿಲ್ಲಿಸಿದರು. ಅದೇ ಗುಡ್ಡದ ಮೇಲೆ ಈದ್ಗಾ ಇದೆ. ಬಂಡಾಯದ ನೆನಪು, ನಮಾಜಿನ ಬಯಲು, ಇಗರ್ಜಿಯ ಗಂಟೆ ಮೂರಕ್ಕೂ ಒಂದೇ ಗುಡ್ಡ ಜಾಗ ಕೊಟ್ಟಿದೆ. ಊರೆಂದರೆ ಹಾಗೆಯೇ ಇರಬೇಕಷ್ಟೆ.

ಶಾಲೆಯನ್ನು ಪಾದ್ರಿಗಳು ತಾವಾಗಿ ಬಂದು ಹೇರಿದರೆಂದು ತಿಳಿಯುವವರಿದ್ದಾರೆ. ಹಾಗಲ್ಲ. ಮಂಗಳೂರಿನಲ್ಲಿ ಆಗಲೇ ಬಾಸೆಲ್ ಮಿಶನ್ನಿನ ಶಾಲೆಯಿತ್ತು, 1868ರಿಂದ ಸರ್ಕಾರಿ ಕಾಲೇಜಿತ್ತು. ಊರಿನ ಕೊಂಕಣಿ ಮಾತಿನ ಕಥೋಲಿಕರು ತಮಗೂ ಒಂದು ವಿದ್ಯಾಲಯ ಬೇಕೆಂದು ರೋಮಿಗೆ ಅರ್ಜಿ ಬರೆದುಕೊಂಡರು. ಅದಕ್ಕಾಗಿ ಯೇಸು ಸಭೆಯವರನ್ನು ಕಳುಹಿಸಿರೆಂದು ಕೇಳಿದರು. 1878ರ ಡಿಸೆಂಬರ್ 31ರಂದು ಆ ಪಾದ್ರಿಗಳು ಬಂದಿಳಿದರು. 1880ರ ಜನವರಿ 12ರಂದು ತರಗತಿ ಆರಂಭವಾಯಿತು. ಬಂದು ಒಂದು ವರ್ಷ, ಹನ್ನೆರಡು ದಿನ! ನಮ್ಮ ಊರುಗಳಲ್ಲಿ ಶಾಲೆಗೊಂದು ಕೊಠಡಿ ಮಂಜೂರಾಗಲು ಎಷ್ಟು ಕಾಲ ಹಿಡಿಯುತ್ತದೆಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಗುಡ್ಡದ ಮೇಲಿನ ನೆಲವನ್ನು 1882ರಲ್ಲಿ ಲಾರೆನ್ಸ್ ಲೋಬೊ ಪ್ರಭು ಎಂಬವರು ದಾನ ಕೊಟ್ಟರು. ದಾನಿಯ ಹೆಸರು ಉಳಿಯಿತು. ಮುರಕಲ್ಲು ಕಡಿದು ಗುಡ್ಡ ಹತ್ತಿಸಿದವರ ಹೆಸರು ಉಳಿಯಲಿಲ್ಲ.

ಆ ಮೊದಲ ತಂಡದಲ್ಲಿದ್ದವರಲ್ಲಿ ಜರ್ಮನಿಯ ಅಗಸ್ಟಸ್ ಮುಲ್ಲರ್ ಒಬ್ಬರು. ಅವರ ವಿಷಯದಲ್ಲಿ ಊರು ಹೇಳುವ ಕಥೆ ಸೊಗಸಾಗಿದೆ. ಶಾಲೆಯಲ್ಲಿ ಪಾಠ ಹೇಳಲು ಬಂದ ಮೇಷ್ಟ್ರು ಹೋಮಿಯೋಪತಿ ಬಲ್ಲವರು. ಕಾಯಿಲೆ ಬಿದ್ದ ಹುಡುಗರಿಗೆ ಗುಳಿಗೆ ಕೊಟ್ಟರು. ಹುಡುಗರ ಮನೆಯವರು ಬಂದರು. ಆಮೇಲೆ ಊರೇ ಬಂತು. ಕಂಕನಾಡಿಯ ಆಲದ ಮರದ ನೆರಳೇ ಅವರ ಔಷಧಾಲಯವಾಯಿತಂತೆ. ಗುಳಿಗೆಯ ಗುಣವನ್ನು ವೈದ್ಯರು ಚರ್ಚಿಸಲಿ, ನಮಗೆ ಆ ವಾದ ಬೇಡ. ನಾವು ಗಮನಿಸಬೇಕಾದ್ದು ಮುಂದಿನದು: 1890ರಲ್ಲಿ ಅವರು ಕುಷ್ಠರೋಗಿಗಳಿಗೆ ಆಸ್ಪತ್ರೆ ತೆರೆದರು, ಪ್ಲೇಗು ಬಂದಾಗ ಪ್ಲೇಗಿನವರಿಗೂ ತೆರೆದರು. ಮನೆಯವರೇ ಹೊರಗೆ ಹಾಕಿದ ರೋಗಿಗಳು ಅವರು. 1910ರಲ್ಲಿ ಮುಲ್ಲರ್ ತೀರಿಕೊಂಡರು, ಆಸ್ಪತ್ರೆ ಬೆಳೆಯಿತು.

ಪ್ಲೇಗಿನ ಮಾತು ಬಂದುದರಿಂದ ಶಾಲೆಗೆ ಹೆಸರು ಕೊಟ್ಟ ಸಂತನ ವಿಷಯವನ್ನೂ ಹೇಳಿಬಿಡುತ್ತೇವೆ. ಅಲೋಶಿಯಸ್ ಗೊಂಝಾಗ 1568ರಲ್ಲಿ ಇಟಲಿಯ ದೊಡ್ಡ ಪಾಳೆಯಗಾರನ ಮನೆಯಲ್ಲಿ ಹಿರಿಯ ಮಗನಾಗಿ ಹುಟ್ಟಿದವನು. ಪಾಳೆಯಪಟ್ಟನ್ನು ತಮ್ಮನಿಗೆ ಬಿಟ್ಟುಕೊಟ್ಟು ಸನ್ಯಾಸಕ್ಕೆ ಹೋದ. ರೋಮಿನಲ್ಲಿ ಪಿಡುಗು ಹಬ್ಬಿದಾಗ ರೋಗಿಗಳ ಆರೈಕೆಗೆ ನಿಂತ. 1591ರಲ್ಲಿ, 23ರ ವಯಸ್ಸಿನಲ್ಲಿ ಸತ್ತ. ಶಾಲೆಯ ಪ್ರಾರ್ಥನಾಮಂದಿರದ ಮಾಳಿಗೆಯಲ್ಲಿ ಈ ಜೀವನವೇ ಚಿತ್ರವಾಗಿದೆ. ತಲೆಯೆತ್ತಿದ ಹುಡುಗನಿಗೆ ಓದು ಬಾರದಿದ್ದರೂ ಕಥೆ ತಿಳಿಯುತ್ತದೆ.

ಆ ಚಿತ್ರ ಬರೆದವರು ಅಂತೋನಿಯೊ ಮೊಸ್ಕೆನಿ, ಬೆರ್ಗಮೊ ಪಟ್ಟಣದ ಹತ್ತಿರದ ಸ್ಟೆಝಾನೊ ಎಂಬಲ್ಲಿ 1854ರಲ್ಲಿ ಹುಟ್ಟಿದವರು. ಅವರು ಗುರುಗಳಲ್ಲ, ಯೇಸು ಸಭೆಯ ಕೈಗೆಲಸದ ಬ್ರದರ್. 1899ರಿಂದ 1901ರವರೆಗೆ ಗೋಡೆಗಳನ್ನೂ ಮಾಳಿಗೆಯನ್ನೂ ತುಂಬಿಸಿದರು. ಮಾಳಿಗೆಗೆ ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣ. ಗೋಡೆಗೆ ಮಾತ್ರ ಹಸಿ ಗಾರೆಯ ವಿದ್ಯೆ. ಗಾರೆಯವರು ಇಲ್ಲಿದ್ದೀರಿ, ನಿಮಗೆ ಬೇಗ ತಿಳಿಯುತ್ತದೆ. ಆ ದಿನ ಬರೆಯಲಾಗುವಷ್ಟು ಜಾಗಕ್ಕೆ ಮಾತ್ರ ಸುಣ್ಣದ ಗಾರೆ ಬಳಿಯಬೇಕು. ಅದು ಹಸಿಯಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಸುಣ್ಣ ಗಟ್ಟಿಯಾಗುವಾಗ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಗಾರೆ ಒಣಗಿತೋ, ಕೆತ್ತಿ ತೆಗೆದು ಮತ್ತೆ ಬಳಿಯಬೇಕು. ಚಿತ್ರಗಾರ ಎಷ್ಟು ದೊಡ್ಡವನಾದರೂ ಗಾರೆ ಕಲಸುವವನ ಕೈ ತಪ್ಪಿದರೆ ಕೆಲಸ ಕೆಟ್ಟಿತು. ಆದರೂ ನೋಡಲು ಬಂದವರಿಗೆ ಹೇಳುವ ಕಥೆಯಲ್ಲಿ ಒಬ್ಬನೇ ಮನುಷ್ಯ. 1905ರಲ್ಲಿ ಮೊಸ್ಕೆನಿ ಕೊಚ್ಚಿಯಲ್ಲಿ ತೀರಿಕೊಂಡರು. ಕರಾವಳಿಯ ಮಳೆಗೆ ಮಾಸಿದ ಚಿತ್ರಗಳನ್ನು 1991ರಿಂದ 1994ರವರೆಗೆ ಮತ್ತೆ ಸರಿಪಡಿಸಿದರು.

ಇನ್ನು ನಮ್ಮವರೊಬ್ಬರ ಮಾತು. 1930ರ ಜೂನ್ 3ರಂದು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಐದನೆಯ ತರಗತಿಯಿಂದ ಎಸ್.ಎಸ್.ಎಲ್.ಸಿ. ತನಕ ಇದೇ ಗುಡ್ಡ ಹತ್ತಿದವರು. ಅಂದಿನ ದೊರೆ ಐದನೆಯ ಜಾರ್ಜನ ಹುಟ್ಟಿದ ದಿನವೂ ಅದೇ ಆದುದರಿಂದ ತಾಯಿ ಆ ಹೆಸರಿಟ್ಟರು. 1946ರಲ್ಲಿ ಪಾದ್ರಿಯಾಗಲೆಂದು ಮನೆಯವರು ಬೆಂಗಳೂರಿಗೆ ಕಳುಹಿಸಿದರು. ಅಲ್ಲಿ ಹಿರಿಯರು ಎತ್ತರದ ಮೇಜಿನಲ್ಲಿ ಒಳ್ಳೆಯ ಊಟ ಉಣ್ಣುವುದೂ ಹುಡುಗರಿಗೆ ಬೇರೆ ಊಟ ಬಡಿಸುವುದೂ ಕಂಡು ಮನಸ್ಸು ಮುರಿಯಿತೆಂದು ಅವರೇ ಹೇಳಿಕೊಂಡಿದ್ದರು. ಅಲ್ಲಿಂದ ಹೊರಬಿದ್ದು 1949ರಲ್ಲಿ ಬೊಂಬಾಯಿ ಸೇರಿದರು, ಹಡಗುಕಟ್ಟೆಯವರ ಸಂಘ ಕಟ್ಟಿದರು. 1974ರ ಮೇ ತಿಂಗಳಲ್ಲಿ ರೈಲ್ವೆ ನೌಕರರ ಮಹಾ ಮುಷ್ಕರ ನಡೆಸಿದರು. ಅವರ ಮುಂದಿನ ರಾಜಕೀಯದ ಬಗ್ಗೆ ನಮ್ಮಲ್ಲೇ ಜಗಳವಿದೆ, ಅದು ಬೇರೆ ದಿನಕ್ಕಿರಲಿ. ಸಂತನ ಕಥೆಯನ್ನು ಹುಡುಗರಿಗೆ ನಿತ್ಯವೂ ತೋರಿಸಿದರೆ ಯಾವನೋ ಒಬ್ಬ ಅದನ್ನು ನಿಜವೆಂದೇ ನಂಬಿ ಲೆಕ್ಕ ಕೇಳಿಬಿಡುತ್ತಾನೆ!

ಆ ಶಾಲೆಯ ಕಾಲೇಜು 2024ರಲ್ಲಿ ವಿಶ್ವವಿದ್ಯಾಲಯದ ದರ್ಜೆಗೇರಿತು. ಅದಕ್ಕೆ ತನ್ನ ಕಥೆಯನ್ನು ಕಾಯುವ ಜನ ಬೇಕಾದಷ್ಟಿದ್ದಾರೆ. ನಮ್ಮ ಮಕ್ಕಳು ಓದುವ ಸರ್ಕಾರಿ ಶಾಲೆಗಳಿಗೆ ಯಾರಿದ್ದಾರೆ? ಯಾವ ಮೇಷ್ಟ್ರು ಸಂಬಳವಿಲ್ಲದೆ ಸಂಜೆ ಪಾಠ ಹೇಳಿದರು, ಯಾವ ಅಂಗಡಿಯವರು ಸ್ಲೇಟು ಕೊಟ್ಟರು, ಗಿರಣಿಯವರು ಯಾವ ಭಾನುವಾರ ಬಂದು ಗೋಡೆ ಎಬ್ಬಿಸಿದರು ಎಂಬುದನ್ನು ಬಲ್ಲ ಮುದುಕರು ಇನ್ನೂ ನಮ್ಮ ಓಣಿಗಳಲ್ಲಿದ್ದಾರೆ. ಮುಂದಿನ ಸಭೆಗೆ ಬರುವಾಗ ಅವರನ್ನು ಕರೆತನ್ನಿ. ಹಳೆಯ ಹಾಜರಿ ಪುಸ್ತಕ, ಚಂದಾ ರಸೀದಿ, ಪಟ ಏನಿದ್ದರೂ ತನ್ನಿ. ನೋಟುಪುಸ್ತಕ ನಾವು ತರುತ್ತೇವೆ.