ನುಡಿಯುವ ತಪ್ಪು, ನುಡಿಯದ ತಪ್ಪು

ಪ್ರೋಗ್ರಾಮಿನ ಬರಹವನ್ನು ಯಂತ್ರದ ಭಾಷೆಗೆ ಪರಿವರ್ತಿಸುವ ಸಾಧನಕ್ಕೆ ಕಂಪೈಲರ್ ಎಂದು ಹೆಸರು. ಹವ್ಯಾಸಿಯೊಬ್ಬನು ಲಿನಕ್ಸ್ ಗಣಕದಲ್ಲಿ ಬರೆದ ಸಿ ಭಾಷೆಯ ಪ್ರೋಗ್ರಾಮನ್ನು ವಿಂಡೋಸಿಗೆ ಒಯ್ದಾಗ ಅದು ದೋಷಗಳ ದೊಡ್ಡ ಪಟ್ಟಿಯನ್ನೇ ಮುಂದಿಡುವುದುಂಟು. ಕಂಗೆಡಬೇಕಾಗಿಲ್ಲ. ಮೊದಲನೆಯದನ್ನು ಓದಿ ಸರಿಪಡಿಸಬೇಕು; ಉಳಿದವುಗಳಲ್ಲಿ ಅನೇಕವು ಅದರ ಸಂತಾನವೇ ಆಗಿರುತ್ತವೆ.

ಅಮೆರಿಕದಲ್ಲಿ 1989ರಲ್ಲಿಯೇ ಸಿ ಭಾಷೆಗೆ ಪ್ರಮಾಣವೊಂದು ಗೊತ್ತಾಯಿತು, ನಿಜ. ಆದರೆ ನುಡಿ ಒಂದಾದರೂ ಮನೆಮನೆಯ ರೂಢಿ ಬೇರೆ. ಯುನಿಕ್ಸ್ ಪರಂಪರೆಯ ‘ಯುನಿಸ್ಟ್‌ಡಿ’ ಎಂಬ ಹೆಡರ್ ಕಡತ ಮೈಕ್ರೋಸಾಫ್ಟಿನ ಕಂಪೈಲರಿನೊಡನೆ ಬರುವುದಿಲ್ಲ. ಕಡತ ಸಿಕ್ಕಲಿಲ್ಲವೆಂದು ಕಂಪೈಲರು ಅಲ್ಲಿಯೇ ನಿಲ್ಲುತ್ತದೆ. ಇಂಥ ತಪ್ಪು ಉಪಕಾರಿ. ತಾನಿರುವ ಸ್ಥಳವನ್ನು ತಾನೇ ಹೇಳುತ್ತದೆ.

ಅಂಜಬೇಕಾದುದು ನುಡಿಯದ ತಪ್ಪಿಗೆ. 64 ಬಿಟ್ಟಿನ ಲಿನಕ್ಸಿನಲ್ಲಿ ‘ಲಾಂಗ್’ ಎಂಬ ಪೂರ್ಣಾಂಕಕ್ಕೆ ಸಾಮಾನ್ಯವಾಗಿ 8 ಬೈಟುಗಳ ಸ್ಥಳ. 64 ಬಿಟ್ಟಿನ ವಿಂಡೋಸಿನಲ್ಲಿ 4 ಮಾತ್ರ. ಆ ನಾಲ್ಕರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2,14,74,83,647. ಮುನ್ನೂರು ಕೋಟಿ ಬೈಟಿನ ಕಡತದ ಗಾತ್ರವನ್ನು ಅದರಲ್ಲಿಟ್ಟರೆ ಅದು ಋಣಸಂಖ್ಯೆಯಾಗಿ ಹೊರಬರುತ್ತದೆ. ಎಚ್ಚರಿಕೆಯ ಸೂಚನೆಗಳನ್ನು ಕೇಳಿ ಪಡೆಯದಿದ್ದರೆ ಕಂಪೈಲರು ತುಟಿ ಬಿಚ್ಚದೆ ಇರಬಹುದು. ಪ್ರೋಗ್ರಾಮು ಓಡುತ್ತದೆ, ಲೆಕ್ಕ ಮಾತ್ರ ಸುಳ್ಳಾಗುತ್ತದೆ.

ಇದಕ್ಕೆ 1999ರ ಪ್ರಮಾಣದಲ್ಲಿ ಪರಿಹಾರವಿದೆ: ಅಳತೆಯನ್ನು ಹೆಸರಿನಲ್ಲಿಯೇ ಸಾರುವ ‘ಇಂಟ್64’ ಮೊದಲಾದ ಪೂರ್ಣಾಂಕಗಳು. ಎಲ್ಲ ಯಂತ್ರಗಳೂ ತನ್ನದರಂತೆಯೇ ಎಂದು ಬರೆದವನು ಮನಸ್ಸಿನಲ್ಲಿಯೇ ಉಳಿಸಿಕೊಂಡ ಭಾವನೆಯೇ ಇಂಥ ತೊಡಕಿನ ಮೂಲ. ಆ ಭಾವನೆಯನ್ನು ಬರಹದಲ್ಲಿಳಿಸಿದರೆ, ಪರವೂರಿನ ಯಂತ್ರವೂ ಅದನ್ನು ಓದಿಕೊಳ್ಳಬಲ್ಲುದು.