ಗರ್ಭಕಂಠದ ಕ್ಯಾನ್ಸರ್ ಹರಡುವ ಬಗೆ: ವಿದ್ಯಾರ್ಥಿವೇತನ ವಿತರಣಾ ಸಭೆಯ ಭಾಷಣ



ನಾವಿಬ್ಬರು ಅಕ್ಕತಂಗಿಯರು ಇದೇ ಟ್ರಸ್ಟಿನ ವಿದ್ಯಾರ್ಥಿವೇತನದಿಂದ ಜೀವವಿಜ್ಞಾನ ಓದಿದವರು. ಈ ವಿಷಯ ಆರಿಸಿಕೊಳ್ಳಲು ಕಾರಣ ನಮ್ಮ ತಾಯಿಯ ಅಕ್ಕ, ನಮ್ಮ ಖಾಲಾ. ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡರೂ ಅವರು ಸಂಕೋಚದಿಂದ ಯಾರಿಗೂ ಹೇಳಲಿಲ್ಲ. ಆಸ್ಪತ್ರೆಗೆ ಕರೆದೊಯ್ಯುವಷ್ಟರಲ್ಲಿ ಗರ್ಭಕಂಠದ ಕ್ಯಾನ್ಸರ್ ಶ್ವಾಸಕೋಶದವರೆಗೆ ಹರಡಿತ್ತು.

ಅದು ಹರಡುವುದು ಹೇಗೆ? ನಮ್ಮ ಜೀವಕೋಶಗಳಲ್ಲಿ ಮೈಕ್ರೋ ಆರ್‌ಎನ್‌ಎ ಎಂಬ ಪುಟ್ಟ ಅಣುಗಳಿವೆ. ಪ್ರೋಟೀನ್ ತಯಾರಿಸಲು ಬರುವ ಸಂದೇಶಕ್ಕೆ ಅಂಟಿಕೊಂಡು, ಆ ತಯಾರಿಕೆಯನ್ನು ತಡೆಯುವುದು ಅವುಗಳ ಕೆಲಸ. 1993ರಲ್ಲಿ ಒಂದು ಸಣ್ಣ ಹುಳುವಿನಲ್ಲಿ ಇವನ್ನು ಮೊದಲು ಗುರುತಿಸಿದ ಸಂಶೋಧನೆಗೆ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರಿಗೆ 2024ರ ನೊಬೆಲ್ ದೊರೆಯಿತು.

ಈ ಕ್ಯಾನ್ಸರಿಗೆ ಮುಖ್ಯ ಕಾರಣ ಎಚ್‌ಪಿವಿ ವೈರಸ್. ಅದರ ಇ6 ಎಂಬ ಪ್ರೋಟೀನ್, ಜೀವಕೋಶದ ಕಾವಲುಗಾರನಾದ ಪಿ53 ಪ್ರೋಟೀನನ್ನು ನಾಶಮಾಡುತ್ತದೆ. ಪಿ53 ಇಲ್ಲದಿದ್ದರೆ ಮಿರ್-34ಎ ಎಂಬ ಮೈಕ್ರೋ ಆರ್‌ಎನ್‌ಎ ಕಡಿಮೆಯಾಗುತ್ತದೆ. ಪ್ರಯೋಗಾಲಯದಲ್ಲಿ ಗರ್ಭಕಂಠದ ಕ್ಯಾನ್ಸರ್ ಕೋಶಗಳಿಗೆ ಮಿರ್-34ಎ ಮರಳಿ ಕೊಟ್ಟಾಗ, ಪಕ್ಕದ ಅಂಗಾಂಶಕ್ಕೆ ನುಗ್ಗುವ ಅವುಗಳ ಶಕ್ತಿ ಕುಗ್ಗಿತು. ಇದಕ್ಕೆ ವಿರುದ್ಧವಾಗಿ, ಮಿರ್-21 ಎಂಬ ಇನ್ನೊಂದು ಅಣು ಈ ಕ್ಯಾನ್ಸರಿನಲ್ಲಿ ಹೆಚ್ಚಾಗಿ, ಬೆಳವಣಿಗೆಗೆ ಕಡಿವಾಣ ಹಾಕುವ ಪ್ರೋಟೀನುಗಳನ್ನು ತಗ್ಗಿಸುತ್ತದೆ.

ಹಾಗಾದರೆ ಮಿರ್-34ಎಯನ್ನೇ ಔಷಧವಾಗಿ ಕೊಡಬಾರದೇ ಎಂದು ನೀವು ಕೇಳಬಹುದು. ಬೇರೆ ಬೇರೆ ಕ್ಯಾನ್ಸರ್ ರೋಗಿಗಳ ಮೇಲೆ ಆ ಪ್ರಯತ್ನ ನಡೆದಿತ್ತು. ತೀವ್ರ ಅಡ್ಡಪರಿಣಾಮಗಳಿಂದಾಗಿ 2016ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಔಷಧವನ್ನು ಸುರಕ್ಷಿತವಾಗಿ ಗೆಡ್ಡೆಗೇ ತಲುಪಿಸುವ ದಾರಿ ಹುಡುಕುವ ಕೆಲಸ ಬಾಕಿಯಿದೆ. ಇಂದು ಅರ್ಜಿ ತುಂಬುತ್ತಿರುವ ತಂಗಿಯರೇ, ಆ ಕೆಲಸಕ್ಕೆ ನೀವು ಬೇಕು.

ಆದರೆ ಮನೆಯಲ್ಲಿರುವ ತಾಯಂದಿರು ಅಲ್ಲಿಯವರೆಗೆ ಕಾಯಬೇಕಿಲ್ಲ. ಎಚ್‌ಪಿವಿ ಸೋಂಕು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಅಷ್ಟರೊಳಗೆ ಪರೀಕ್ಷೆ ಮಾಡಿಸಿದರೆ ಕ್ಯಾನ್ಸರ್ ಆಗುವ ಮೊದಲೇ ಚಿಕಿತ್ಸೆ ಸಾಧ್ಯ. 35ನೇ ವಯಸ್ಸಿನೊಳಗೆ ಒಮ್ಮೆ, 45ರೊಳಗೆ ಇನ್ನೊಮ್ಮೆ ಪರೀಕ್ಷೆ ಆಗಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಗುರಿ. 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಲಸಿಕೆಯೂ ಇದೆ.

ಇಂದು ಮನೆಗೆ ಹೋದಮೇಲೆ ನಿಮ್ಮ ಅಮ್ಮ, ಖಾಲಾ, ಫೂಫಿಯವರನ್ನು ಒಂದು ಮಾತು ಕೇಳಿ: ಪರೀಕ್ಷೆ ಮಾಡಿಸಿದ್ದೀರಾ? ನಮ್ಮ ಖಾಲಾರನ್ನು ನಾವು ಕೇಳಿರಲಿಲ್ಲ.